ದಾರಿ ನೋಡಿದ ಕೂಸು

ಸಾನ್ ಮಿಗೆಲ್, ಕೊಸುಮೆಲ್ ದ್ವೀಪ
೨ ಜೂನ್ ೧೯೮೬

ಚೆಮಾಶ್ ಊರಿನ ಬೀಗಿತ್ತಿ ದೋನ್ಯಾ ಕ್ರಿಸಾಂತಾ ಅವರಿಗೆ,

ನಾವೆಲ್ಲ ಇಲ್ಲಿ ಕ್ಷೇಮ. ನಿಮ್ಮ ಮಗಳು ಆದ್ದಿ ಎದ್ದು ಓಡಾಡುತ್ತಿದ್ದಾಳೆ. ಹಾಲಿಗೆ ಕೊರತೆಯಿಲ್ಲ. ಮೊಮ್ಮಗಳು ನೆಯ್ದಿ ಮೈಕೈ ತುಂಬಿಕೊಂಡಿದ್ದಾಳೆ. ಹುಬ್ಬು ನಮ್ಮ ಮನೆತನದ್ದು. ಮೂಗಿನ ವಿಚಾರ ಈಗಲೇ ಏನೂ ಹೇಳಲಾರೆ.

ಬರೆಯಲು ಕಾರಣವಿದೆ. ಜುಲೈ ಹದಿಮೂರು, ಭಾನುವಾರ, ಕೂಸಿಗೆ ಮೂರು ತಿಂಗಳು ತುಂಬುತ್ತದೆ. ಹೆಣ್ಣಿಗೆ ಒಲೆಗುಂಡಿನಂತೆ ಮೂರು, ಗಂಡಿಗೆ ಹೊಲದ ಮೂಲೆಗಳಂತೆ ನಾಲ್ಕು. ಇದನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಂದು ನಮ್ಮ ಅಂಗಳದಲ್ಲಿ ಸೊಂಟಕ್ಕೇರಿಸುವ ಶಾಸ್ತ್ರ ಇಟ್ಟುಕೊಂಡಿದ್ದೇನೆ. ಕೂಸನ್ನು ಮೊದಲು ಸೊಂಟದ ಮೇಲೆ ಕೂರಿಸಿಕೊಳ್ಳುವವರು ನಮ್ಮ ಬೀದಿಯ ಟೀಚರ್ ದೋನ್ಯಾ ಸೊಬೆಯ್ದಾ. ಮೇಜಿನ ಸುತ್ತ ಬಲಕ್ಕೆ ಅವರು ಸುತ್ತುತ್ತಾರೆ. ಎಡಕ್ಕೆ ತಿರುಗು ಸುತ್ತು ಹಾಕಿ ಅದನ್ನು ಬಿಡಿಸುವವರು ಅವರ ಗಂಡ. ಮೊದಲು ಏರಿಸಿಕೊಂಡವರ ಗುಣ ಕೂಸಿಗೆ ಹತ್ತುತ್ತದೆ. ಆದ್ದರಿಂದ ಯೋಚಿಸಿಯೇ ಆರಿಸಿದ್ದೇನೆ. ಅವರು ಅವಳ ಕೈಗೆ ಪೆನ್ಸಿಲ್ ಕೊಡುತ್ತಾರೆ. ಸೂಜಿ, ರುಬ್ಬುಗುಂಡು ಆಮೇಲಿನ ಮಾತು.

ಈ ಶಾಸ್ತ್ರ ಸಾನ್ ಹೆರ್ವಾಸಿಯೊದ ಹಾಳು ಕಲ್ಲುಗಳ ನಡುವೆ ಆಗಬೇಕೆಂದು ನಿಮ್ಮ ಆಸೆಯಂತೆ. ಆದ್ದಿ ಬಾಯಿಬಿಟ್ಟಳು. ನಾನು ಈ ದ್ವೀಪದಲ್ಲೇ ಹುಟ್ಟಿ, ಬೆಳೆದು, ಗಂಡನನ್ನು ಮಣ್ಣಿಗೆ ಕೊಟ್ಟು, ಮೂವರು ಗಂಡುಮಕ್ಕಳನ್ನು ದಡ ಸೇರಿಸಿದವಳು. ಒಂದು ದಿನವೂ ಅಲ್ಲಿಗೆ ಕಾಲಿಟ್ಟವಳಲ್ಲ. ಅದು ಹಡಗಿನಿಂದ ಇಳಿದವರು ಹುಲ್ಲಿನ ಟೋಪಿ ಹಾಕಿಕೊಂಡು ನೋಡುವ ಜಾಗ. ನಮ್ಮ ಕೂಸು ಹುಟ್ಟಿದ್ದು ಸಂತ ಮಿಗೆಲನ ದಯೆಯಿಂದ, ಆಸ್ಪತ್ರೆಯ ಸೂಜಿಮದ್ದಿನಿಂದ.

ಹೆರಿಗೆಗೆ ನೀವು ಬರಲಿಲ್ಲ. ಕಾದೆವು. ಆ ಮಾತು ಈಗ ಬೇಡ. ಶಾಸ್ತ್ರಕ್ಕಾದರೂ ಬನ್ನಿ. ನೆಂಟರಂತೆ ಬಂದು ಉಂಡು ಹೋಗಿ.

ಫಿದೇಲಿಯಾ ಕುಪುಲ್


ಚೆಮಾಶ್
೧೧ ಜೂನ್ ೧೯೮೬

ಬೀಗಿತ್ತಿ ದೋನ್ಯಾ ಫಿದೇಲಿಯಾ ಅವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂತು. ನನ್ನ ಯಜಮಾನರಿಗೆ ಓದಿ ಹೇಳಿದೆ. "ನಿನ್ ಬೀಗಿತ್ತಿ ಕಾಗ್ದ ಬಂತಂದ್ರೆ ಸರ್ಕಾರಿ ನೋಟೀಸ್ ಬಂದಂಗೆ ಕಣೇ, ಎದ್ ನಿಂತ್ಕೊಂಡು ಕೇಳ್ಬೇಕು" ಅಂದರು. ಕೂತೇ ಕೇಳಿದರು ಅನ್ನಿ, ಮೊಣಕಾಲು ನೋವು.

ಹುಬ್ಬು ನಿಮ್ಮದಾದರೆ ಸಂತೋಷ. ಮೂಗು ನನ್ನದು, ನೋಡದೆಯೇ ಹೇಳುತ್ತೇನೆ.

ನನ್ನದು ಆಸೆಯಲ್ಲ ಬೀಗಿತ್ತಿ, ಹರಕೆ. ಆದ್ದಿಯ ಹೊಟ್ಟೆಯಲ್ಲಿ ಎರಡು ನಿಂತು ನಿಂತು ಹೋದವು, ನಿಮಗೂ ಗೊತ್ತು. ಎರಡನೆಯದು ಹೋದ ದಿನ ನಾನು ಹಿತ್ತಲಲ್ಲಿ ಪೂರ್ವಕ್ಕೆ ತಿರುಗಿ ನಿಂತು, "ತಾಯಿ ಇಶ್‌ಚೆಲ್, ಒಂದ್ ಉಳ್ಸಿಕೊಡು. ಹೆಣ್ಣಾದ್ರೆ ನಿನ್ ಅಂಗಳ್ದಲ್ಲೇ ಸೊಂಟಕ್ಕೇರಿಸ್ತೀನಿ" ಅಂದೆ. ನಮ್ಮ ಅಜ್ಜಿಯ ಅಜ್ಜಿ ಬಸುರು ಬೇಡಿ ಮರ ಕೊರೆದ ದೋಣಿಯಲ್ಲಿ ಅಲ್ಲಿನ ಅವಳ ಗುಡಿಗೆ ಹೋಗಿದ್ದಳಂತೆ. ಈಗ ತಾಯಿ ಕೊಟ್ಟಿದ್ದಾಳೆ. ಕೊಟ್ಟ ಮೇಲೆ ನಿಮ್ಮ ಅಂಗಳದಲ್ಲೇ ಮುಗಿಸಿದರೆ ಹೇಗೆ?

ನಾನು ಬರುವುದು ಕಷ್ಟ. ಜೋಳ ಬಿತ್ತುವ ಕಾಲ, ಮೋಡ ಬಂದು ಬಂದು ಹೋಗುತ್ತಿದೆ. ಟರ್ಕಿ ಕೋಳಿ ಕಾವಿಗೆ ಕೂತಿದೆ. ಮನೆ ಬಿಟ್ಟು ಹೊರಡುವ ಹಾಗಿಲ್ಲ. ನಿಮ್ಮ ಕಡೆ ಗಾರೆ ಕೆಲಸಕ್ಕೆ ಬರುವ ಉಬಾಲ್ದೊನ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಒಳಗೆ ಕೂಸಿಗೆ ಕಸೂತಿ ಅಂಗಿ, ಜೇನುಮೇಣದ ಬತ್ತಿ, ಹುರಿದ ಕುಂಬಳ ಬೀಜ ಇವೆ. ಶಾಸ್ತ್ರ ಅಲ್ಲಿ ಬೇಡವೆಂದರೆ ಬೇಡ. ಇವನ್ನಾದರೂ ಯಾರ ಕೈಯಲ್ಲಾದರೂ ಆ ಕಲ್ಲಿನ ಹತ್ತಿರ ಮುಟ್ಟಿಸಿ.

ಕ್ರಿಸಾಂತಾ ಮಾಯ್


ಸಾನ್ ಮಿಗೆಲ್
೧೯ ಜೂನ್ ೧೯೮೬

ದೋನ್ಯಾ ಕ್ರಿಸಾಂತಾ ಅವರಿಗೆ,

ಗಂಟು ತಲುಪಿತು. ಉಬಾಲ್ದೊ ಮುಂದಿನ ಸಲ ಊರಿಗೆ ಹೊರಟಾಗ ಹಿಂದಕ್ಕೆ ಕಳಿಸುತ್ತೇನೆ. ಅಂಗಿಯ ಕಸೂತಿ ಚೆನ್ನಾಗಿದೆ ಎಂದು ಒಪ್ಪಬೇಕು. ಆದರೆ ನಮ್ಮ ಮನೆಯಲ್ಲಿ ಕೂಸಿಗೆ ಅಂಗಿಯಿಲ್ಲವೆಂದು ಯಾರೂ ಹೇಳಿಲ್ಲ.

ಮೊಮ್ಮಗಳಿಗಿಂತ ಟರ್ಕಿ ಕೋಳಿ ದೊಡ್ಡದಾಯಿತು. ಹೆರಿಗೆಯ ಕಾಲಕ್ಕೆ ಕಾಡು ಸುಟ್ಟು ಹೊಲ ಮಾಡುತ್ತಿದ್ದಿರಿ, ಈಗ ಬಿತ್ತುತ್ತಿದ್ದೀರಿ, ಮುಂದೆ ಕಳೆ ಕೀಳುತ್ತೀರಿ. ಒಂದು ಮಾತು ನೇರವಾಗಿ ಕೇಳುತ್ತೇನೆ. ಆದ್ದಿ ನಿಮಗೆ ಬರೆಯುವ ಕಾಗದಗಳನ್ನು ನಾನು ಒಡೆಯುವವಳಲ್ಲ. ಆದರೆ ಬರೆದು ಮುಗಿಸಿದ ಮೇಲೆ ಅವಳು ಕೂತಲ್ಲೇ ಕೂತಿರುವುದು ನನಗೆ ಕಾಣುತ್ತದೆ. ನೀವು ಇಲ್ಲಿಗೆ ಬರದೆ, ಹರಕೆಯ ಹೆಸರಿನಲ್ಲಿ ಮಗಳನ್ನೂ ಕೂಸನ್ನೂ ಅಲ್ಲಿಗೆ ಎಳೆದುಕೊಳ್ಳುವ ಯೋಚನೆಯಿದ್ದರೆ ಬಿಟ್ಟುಬಿಡಿ.

ಕೂಸು ಈಗೀಗ ಅಳುತ್ತದೆ. ಹಾಲು ಕುಡಿಯುತ್ತದೆ, ಬಿಡುತ್ತದೆ, ಮತ್ತೆ ಅಳುತ್ತದೆ. ಜೋಲಿಯಲ್ಲಿ ಹಾಕಿ ತೂಗಿ ತೂಗಿ ನನ್ನ ಭುಜ ಬಿದ್ದುಹೋಗಿದೆ. ಡಾಕ್ಟರು ಕಿವಿ, ಹೊಟ್ಟೆ, ನಾಲಿಗೆ ಎಲ್ಲ ನೋಡಿ ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಅಳುವುದೇಕೆ? ಸೆಖೆ ಇರಬೇಕು. ಸಮುದ್ರದ ಗಾಳಿಯೂ ಈ ಸಲ ಒಂದು ದಿಕ್ಕಿನಲ್ಲಿ ನಿಲ್ಲುತ್ತಿಲ್ಲ, ಕದಗಳು ತಮ್ಮಷ್ಟಕ್ಕೆ ಬಡಿದುಕೊಳ್ಳುತ್ತವೆ. ನಿನ್ನೆ ನನ್ನ ಮಗ, ನಿಮ್ಮ ಅಳಿಯ ಗ್ವಾಲ್ಬೆರ್ತೊ ಸುಮ್ಮನಾಗಿಸಲು ಹೋಗಿ ಅವಳನ್ನು ಸೊಂಟಕ್ಕೇರಿಸಿಕೊಳ್ಳುವುದರಲ್ಲಿದ್ದ. ಕೈಗೆ ಒಂದು ಕೊಟ್ಟೆ.

"ಹದಿಮೂರನೇ ತಾರೀಖ್ ತನಕ ತೋಳಲ್ಲಿ ಮಲಗ್ಸಿಯೇ ಎತ್ಕೋಬೇಕು. ನಿನ್ ಗುಣ ಹತ್ತಿದ್ರೆ ಕೂಸು ದಿನಾ ಮಧ್ಯಾಹ್ನ ಎದ್ದೇಳುತ್ತೆ."

"ಅಮ್ಮಾ, ನಿನ್ ಗುಣ ಹತ್ತಿದ್ರೆ ನಾವ್ಯಾರೂ ಮಲಗೋ ಹಾಗಿಲ್ಲ" ಎಂದ. ಆದ್ದಿ ತಲೆ ತಗ್ಗಿಸಿ ನಕ್ಕಳು. ಬಹಳ ದಿನದ ಮೇಲೆ ನಕ್ಕಳೆಂದು ಇಬ್ಬರನ್ನೂ ಬಿಟ್ಟೆ.

ಫಿದೇಲಿಯಾ ಕುಪುಲ್


ಚೆಮಾಶ್
೨೫ ಜೂನ್ ೧೯೮೬

ದೋನ್ಯಾ ಫಿದೇಲಿಯಾ,

ಗಂಟನ್ನು ಹಿಂದಕ್ಕೆ ಕಳಿಸಬೇಡಿ. ಹರಕೆಯ ಸಾಮಾನು ಹೊಸಿಲು ದಾಟಿ ಹೋದ ಮೇಲೆ ಮರಳಿ ಬರಬಾರದು. ಬೇಡವಾದರೆ ಸಮುದ್ರಕ್ಕೆ ಹಾಕಿ.

ಮಗಳನ್ನು ಎಳೆದುಕೊಳ್ಳುವ ಯೋಚನೆ ನನಗಿಲ್ಲ. ಅವಳು ನಿಮ್ಮ ಮನೆಯವಳು. ಹಾಗೆ ನೀವು ಬರೆದದ್ದನ್ನು ಯಜಮಾನರಿಗೆ ಓದಿ ಹೇಳಲಿಲ್ಲ, ಆ ಸಾಲು ಬಿಟ್ಟೆ.

ಇಲ್ಲಿ ಮಳೆ ಇನ್ನೂ ಬಂದಿಲ್ಲ. ಕೂಸಿನ ಅಳು ನಿಂತಿತೋ ಇಲ್ಲವೋ ಒಂದು ಸಾಲು ಬರೆಯಿರಿ. ಅಷ್ಟು ಸಾಕು.

ಕ್ರಿಸಾಂತಾ


ಸಾನ್ ಮಿಗೆಲ್
೩ ಜುಲೈ ೧೯೮೬

ದೋನ್ಯಾ ಕ್ರಿಸಾಂತಾ ಅವರಿಗೆ,

ಅಳು ನಿಂತಿದೆ. ಒಂದು ಸಾಲು ಕೇಳಿದಿರಿ, ಬರೆದಾಯಿತು.

ಇನ್ನೊಂದು ವಿಷಯ ಯಾರಾದರೂ ಬಣ್ಣ ಕಟ್ಟಿ ಹೇಳುವ ಮುಂಚೆ ನಾನೇ ತಿಳಿಸುತ್ತೇನೆ. ನಿನ್ನೆ ಸಾನ್ ಹೆರ್ವಾಸಿಯೊಗೆ ಹೋಗಿದ್ದೆ. ಹರಕೆಗಲ್ಲ. ಆದ್ದಿ ಸುಸ್ತಾಗಿ ನಿದ್ದೆ ಹೋಗಿದ್ದಳು, ಕೂಸು ಅಳುತ್ತಿತ್ತು, ಪಕ್ಕದ ಮನೆಯವನ ಟ್ಯಾಕ್ಸಿ ಆ ಕಡೆ ಹೊರಟಿತ್ತು. ಗಾಳಿಗೆ ಕರೆದೊಯ್ಯೋಣವೆಂದು ಹತ್ತಿದೆ. ಮೊಮ್ಮಗಳ ವಿಷಯದಲ್ಲಿ ಇಷ್ಟು ಮಾತು ಬಂದ ಜಾಗವನ್ನು ಒಮ್ಮೆ ನೋಡಿರಬೇಕು ಎಂದೂ ಅನ್ನಿಸಿತು. ನಿಮ್ಮ ಗಂಟು ಹೇಗೋ ಚೀಲದಲ್ಲಿತ್ತು.

ಬಾಗಿಲಲ್ಲಿ ಕಾವಲುಗಾರ ದೋನ್ ಇಸೌರೊ ಕೂತಿದ್ದ. ನನ್ನ ಗಂಡನ ಜೊತೆ ಮೀನಿಗೆ ಹೋಗುತ್ತಿದ್ದವನು.

"ಏನ್ ದೋನ್ಯಾ ಫಿದೇಲಿಯಾ! ದಾರಿ ತಪ್ತೇ? ಚರ್ಚು ಆ ಕಡೆ."

"ಟಿಕೆಟ್ ಹರಿ."

"ಊರಿನೋರಿಗೆ ಎಂಥಾ ಟಿಕೆಟ್ಟು? ಕೂಸ್ ಕರ್ಕೊಂಡು ಬರೋ ಹೆಂಗಸ್ರನ್ನ ನಾನ್ ಯಾವತ್ತೂ ಕೇಳಲ್ಲ, ಸುಮ್ನೆ ಹೋಗಿ."

"ಸುಮ್ನೆ ಹೋದ್ರೆ ಹರಕೆಗ್ ಬಂದೋಳು ಅಂತಾರೆ. ಟಿಕೆಟ್ ತಗೊಂಡ್ರೆ ನೋಡೋಕ್ ಬಂದೋಳು. ಹರಿ."

ಹರಿದು ಕೊಟ್ಟ. ನಗುತ್ತಲೇ ಕೊಟ್ಟ.

ಬಿಳಿ ಕಲ್ಲಿನ ಹಳೆಯ ಹಾದಿ ಕಾಡಿನೊಳಗೆ ನೆಟ್ಟಗೆ ಹೋಗುತ್ತದೆ. ಎದುರಿಗೆ ಒಂದು ಕಮಾನು. ಅದರ ಕೆಳಗೆ ಹಡಗಿನವರ ಗುಂಪು, ನಡುವೆ ಕೋಲು ಹಿಡಿದ ಗೈಡು. ಮಾರುಕಟ್ಟೆಯ ಮೀನಿನ ಲೂಪಿತಾಳ ಮೊಮ್ಮಗ. "ಇಲ್ಲಿ ಕನ್ಯೆಯರನ್ನು ಬಲಿ ಕೊಡುತ್ತಿದ್ದರು" ಎಂದು ದೊಡ್ಡ ದನಿಯಲ್ಲಿ ಹೇಳುತ್ತಿದ್ದ. ಅವರು ಅಯ್ಯೋ ಅಯ್ಯೋ ಎಂದು ಫೋಟೋ ತೆಗೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಏಯ್, ಇಲ್ಲಿಗ್ ಹೆಂಗಸ್ರು ಬರ್ತಿದ್ದಿದ್ದು ಕೂಸ್ ಬೇಕು ಅಂತ, ಕೊಲ್ಲೋಕಲ್ಲ. ನಿಮ್ಮಜ್ಜಿ ಬೆಳಿಗ್ಗೆ ಸಿಗ್ತಾಳೆ, ಹೇಳ್ತೀನಿ ಇರು."

"ದೋನ್ಯಾ, ದಮ್ಮಯ್ಯ, ಸುಮ್ನಿರಿ. ಕೂಸಿನ್ ಕಥೆ ಹೇಳಿದ್ರೆ ಇವ್ರು ಫೋಟೋನೇ ತೆಗ್ಯಲ್ಲ!"

ಅಷ್ಟರಲ್ಲಿ ಮಳೆ ಬಂತು. ಹೇಳಿ ಕೇಳಿ ಬರುವ ಮಳೆಯಲ್ಲ, ಕೊಡ ಬೋರಲು ಹಾಕಿದಂತೆ. ಹಡಗಿನವರು ಬಸ್ಸಿನತ್ತ ಓಡಿದರು. ಗೋಡೆಯ ಮೇಲೆ ಕೆಂಪು ಕೈಗಳ ಗುರುತಿರುವ ಒಂದು ಪುಟ್ಟ ಮನೆಯಿದೆ, ಮೇಲೆ ಹುಲ್ಲಿನ ಮಾಡು ಹಾಕಿದ್ದಾರೆ. ನಾನು ಅಲ್ಲಿಗೆ ಹೋದೆ. ಹಾಸುಗಲ್ಲು ಸೋಪು ಹಚ್ಚಿದ ಹಾಗೆ ಜಾರುತ್ತಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ನಿಮ್ಮ ಗಂಟು. ಎರಚಲು ಮುಂದಿನಿಂದ ಹೊಡೆಯಿತು, ಬಲಗಡೆಯಿಂದ ಸುತ್ತಿಕೊಂಡು ಹಿಂದಕ್ಕೆ ಹೋದೆ. ಅಲ್ಲಿಯೂ ಹೊಡೆಯಿತು, ಸುತ್ತಿಕೊಂಡೇ ಮುಂದಕ್ಕೆ ಬಂದೆ. ಆಗ ಗಮನಕ್ಕೆ ಬಂತು, ಕೂಸಿನ ಅಳು ನಿಂತಿತ್ತು. ಗೋಡೆಯ ಕೆಂಪು ಕೈಗಳನ್ನು ಒಂದೇ ಸಮನೆ ನೋಡುತ್ತಿದ್ದಳು. ಸಣ್ಣ ಸಣ್ಣ ಕೈಗಳು, ಯಾವ ಕಾಲದ ಯಾವ ಮಕ್ಕಳದೋ. ಕೆಳಗೆ ಮೆಟ್ಟಿಲ ಮೇಲೆ ಒಂದು ದಪ್ಪ ಓತಿ ತಲೆಯಾಡಿಸುತ್ತಿತ್ತು. ಅದನ್ನೂ ನೋಡಿದಳು. ಮರಳುವಾಗ ಹಾದಿಯುದ್ದಕ್ಕೂ ಮುಂದಕ್ಕೆ ನೋಡುತ್ತಲೇ ಬಂದಳು, ಎಲ್ಲಿ ತಿರುಗಬೇಕೆಂದು ಅವಳೇ ಹೇಳುವ ಹಾಗೆ.

ಗಂಟು ನೆನೆದಿತ್ತು. ನೆನೆದದ್ದನ್ನು ಹೊತ್ತು ತರುವುದೇಕೆಂದು ಬೀಜವನ್ನು ಅಲ್ಲೇ ಬಿಟ್ಟೆ. ಮೋಡಕ್ಕೆ ಕತ್ತಲಾಗಿತ್ತು, ಕಣ್ಣು ಕಾಣಲೆಂದು ಬತ್ತಿ ಹಚ್ಚಿದೆ. ಅಂಗಿಯನ್ನು ಓತಿಗೆ ಬಿಟ್ಟು ಬರುವಷ್ಟು ಶ್ರೀಮಂತರು ನಾವಲ್ಲ, ಮನೆಗೆ ತಂದು ಒಣಗಿಸಿ ತೊಡಿಸಿದ್ದೇನೆ.

ಹದಿಮೂರರಂದು ಶಾಸ್ತ್ರ ಹೇಳಿದ ಹಾಗೆಯೇ ನಡೆಯುತ್ತದೆ.

ಫಿದೇಲಿಯಾ ಕುಪುಲ್


ಚೆಮಾಶ್
೯ ಜುಲೈ ೧೯೮೬

ಬೀಗಿತ್ತಿ,

ಈ ಕಾಗದ ಅಂಚೆಗೆ ಹಾಕಲಿಲ್ಲ, ಉಬಾಲ್ದೊನ ಕೈಗೇ ಕೊಟ್ಟಿದ್ದೇನೆ, ಭಾನುವಾರಕ್ಕೆ ಮುಂಚೆ ಮುಟ್ಟಲಿ ಅಂತ. ನೀವೊಬ್ಬರೇ ಓದಿ.

ನಿಮ್ಮ ಕಾಗದವನ್ನು ಯಜಮಾನರಿಗೆ ಓದಿದೆ. ಗೈಡಿನ ಮಾತಿಗೆ ಅವರು ನಕ್ಕು ನಕ್ಕು ಕೆಮ್ಮಿದರು. ನಾನು ನಗಲಿಲ್ಲ. ಒಲೆ ಮುಂದೆ ಕೂತು ಇನ್ನೊಮ್ಮೆ ಓದಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಗಂಟು. ಹಾಗಾದರೆ ಕೂಸು ಎಲ್ಲಿತ್ತು ಬೀಗಿತ್ತಿ?

ತೋಳಲ್ಲಿ ಮಲಗಿಸಿದ ಕೂಸಿಗೆ ಕಾಣುವುದು ಆಕಾಶ, ಇಲ್ಲವೇ ಎತ್ತಿಕೊಂಡವಳ ಗಲ್ಲ. ಮೆಟ್ಟಿಲ ಮೇಲಿನ ಓತಿ ಕಾಣುವುದಿಲ್ಲ. ಮುಂದಿನ ಹಾದಿ ಕಾಣುವುದಿಲ್ಲ. ನಾನೂ ಮಕ್ಕಳನ್ನು ಹೆತ್ತವಳು.

ನೀವು ಸೊಂಟಕ್ಕೇರಿಸಿಕೊಂಡಿರಿ. ಅದೂ ಆ ತಾಯಿಯ ಅಂಗಳದಲ್ಲಿ, ನನ್ನ ಬತ್ತಿಯ ಬೆಳಕಲ್ಲಿ. ಬಲಗಡೆಯಿಂದ ಸುತ್ತೂ ಹಾಕಿದಿರಿ. ಟಿಕೆಟ್ ತೆಗೆದುಕೊಂಡು ನನ್ನ ಹರಕೆ ತೀರಿಸಿ ಬಂದಿರಿ.

ಸುಳ್ಳು ಹೇಳುವುದಿಲ್ಲ, ನನಗೆ ಮೊದಲು ಹೊಟ್ಟೆ ಉರಿಯಿತು. ಆ ಸೊಂಟ ನನ್ನದಾಗಬೇಕಿತ್ತು. ಕಸೂತಿ ಹಾಕುವಾಗೆಲ್ಲ ಅದನ್ನೇ ನೆನೆದುಕೊಂಡು ಹಾಕಿದ್ದೆ. ಆಮೇಲೆ ಹಿತ್ತಲಿಗೆ ಹೋಗಿ ನಿಂತೆ. ತಾಯಿ ತನಗೆ ಬೇಕಾದವರನ್ನು ಕರೆಸಿಕೊಂಡಿದ್ದಾಳೆ, ನಾನು ಯಾರು ಕೇಳುವವಳು? ಕೂಸಿಗೆ ನಿಮ್ಮ ಗುಣವೇ ಹತ್ತುತ್ತದೆ. ಆದ್ದಿಯನ್ನು ದೇವರು ಕಾಪಾಡಲಿ.

ನಾನು ಯಾರಿಗೂ ಹೇಳುವುದಿಲ್ಲ. ಭಾನುವಾರ ಟೀಚರ್ ಏರಿಸಿಕೊಳ್ಳಲಿ, ಬೀದಿಯವರು ಉಣ್ಣಲಿ, ನಿಮ್ಮ ಮರ್ಯಾದೆ ನಿಮಗಿರಲಿ. ಆದರೆ ಸುತ್ತಿದ ಸುತ್ತು ಹಾಗೇ ಇದೆ, ತಿರುಗು ಸುತ್ತು ಆಗಿಲ್ಲ. ಬಿಡಿಸದೆ ಬಿಟ್ಟರೆ ಕೂಸು ಒಂದು ಕಡೆ ನಿಲ್ಲುವುದಿಲ್ಲ ಅಂತ ನಮ್ಮಲ್ಲಿ ಹೇಳುತ್ತಾರೆ. ನಿಮ್ಮಲ್ಲೂ ಹೇಳುತ್ತಾರಲ್ಲವೇ?

ಕ್ರಿಸಾಂತಾ


ಸಾನ್ ಮಿಗೆಲ್
೧೮ ಜುಲೈ ೧೯೮೬

ಕ್ರಿಸಾಂತಾ,

ನನ್ನ ಮರ್ಯಾದೆ ಕಾಯಲು ನೀವು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ. ಭಾನುವಾರ ಶಾಸ್ತ್ರ ನಡೆಯಲಿಲ್ಲ. ಶುಕ್ರವಾರ ಸಂಜೆಯೇ ಟೀಚರ್ ಮನೆಗೆ ಹೋಗಿ, "ಕೂಸು ಆಗಲೇ ಏರಿಬಿಟ್ಟಿದೆ, ಕ್ಷಮಿಸಿ" ಎಂದೆ.

"ಯಾರ್ ಸೊಂಟಕ್ಕೆ?"

"ನನ್ ಸೊಂಟಕ್ಕೆ."

ಟೀಚರ್ ಕನ್ನಡಕ ತೆಗೆದು ಒರೆಸಿದರು. "ನಾನು ಪೆನ್ಸಿಲ್ ಬೇರೆ ಹೆರೆದಿಟ್ಟಿದ್ದೆ. ನನ್ನನ್ನೇ ಕರೀಬಹುದಾಗಿತ್ತು, ಕಲ್ಲಿನ ಹತ್ರ ಯಾಕ್ ಹೋದ್ರಿ?" ಎಂದರು. ಅಂದರೆ ದೋನ್ ಇಸೌರೊನ ಬಾಯಿಂದ ಬೀದಿಗೆಲ್ಲ ಆಗಲೇ ತಿಳಿದಿದೆ. ತಿಳಿಯಲಿ. ಆಗದ ಶಾಸ್ತ್ರವನ್ನು ಆದಂತೆ, ಆದದ್ದನ್ನು ಆಗದಂತೆ ತೋರಿಸಿ ಊಟ ಹಾಕಿದವಳೆಂದು ನಾನು ಅನ್ನಿಸಿಕೊಳ್ಳುವುದಿಲ್ಲ. ಪೆನ್ಸಿಲನ್ನು ಮಾತ್ರ ಕೇಳಿ ತೆಗೆದುಕೊಂಡು ಬಂದಿದ್ದೇನೆ.

ಆದ್ದಿಗೂ ಹೇಳಿದೆ. ಬೈಯುತ್ತಾಳೆಂದುಕೊಂಡೆ. ಶಾಲಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಅತ್ತಳು. "ಅಮ್ಮ ಬರ್ಲಿಲ್ವಲ್ಲ ಅಂತ ಅಷ್ಟೇ ಅತ್ತೆ, ಬೇರೇನೂ ಇಲ್ಲ" ಎಂದಳು. ಅವಳು ಕೂತಲ್ಲೇ ಕೂತಿರುತ್ತಿದ್ದದ್ದು ನೀವು ಬೇಕೆಂದು. ಇಲ್ಲಿ ಬೇಡವಾಗಿ ಅಲ್ಲ. ನಾನು ತಪ್ಪಾಗಿ ಎಣಿಸಿದ್ದೆ.

ಇನ್ನೊಂದು. ಆಚೆ ದಡದ ಪ್ಲಾಯಾ ದೆಲ್ ಕಾರ್ಮೆನ್ ದಕ್ಕೆಯಿಂದ ದೋಣಿ ನಡೆಸುವ ತೆಯೋಫಿಲೊ ನಮ್ಮ ಖಾನಾವಳಿಗೆ ಉಣ್ಣಲು ಬರುತ್ತಾನೆ. ಮೊನ್ನೆ ಒಂದು ಕಥೆ ಹೇಳಿದ. ಏಪ್ರಿಲ್‌ನಲ್ಲಿ ಒಬ್ಬ ಹೆಂಗಸು, ಚೆಮಾಶ್ ಕಡೆಯ ಕಸೂತಿ ಅಂಗಿ ತೊಟ್ಟವಳು, ಕಾಲು ಕಟ್ಟಿದ ಟರ್ಕಿ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳಗಿನಿಂದ ಕೊನೆಯ ದೋಣಿಯ ತನಕ ದಕ್ಕೆಯಲ್ಲಿ ಕೂತಿದ್ದಳಂತೆ. ಪ್ರತಿ ದೋಣಿಗೂ ಎದ್ದು ನಿಲ್ಲುವುದು, ಮತ್ತೆ ಕೂರುವುದು. "ಈ ನೀರು ಅಲ್ಲಾಡೋದ್ ನಿಲ್ಸೋದ್ ಯಾವಾಗಪ್ಪಾ?" ಎಂದು ಕೇಳಿದಳಂತೆ. ಅವನು ನಕ್ಕ. ಕೊನೆಗೆ ಬಸ್ಸು ಹತ್ತಿ ಹೋದಳಂತೆ.

"ನಿಮ್ ಬೀಗಿತ್ತಿ ಊರೂ ಅದೇ ಅಲ್ವಾ ದೋನ್ಯಾ?" ಎಂದ.

"ಊರ್ ಅದೇ. ಹೆಂಗಸು ಅವಳಲ್ಲ. ನನ್ ಬೀಗಿತ್ತಿ ಯಾರಿಗೂ ಹೆದರೋಳಲ್ಲ, ನನಗೇ ಹೆದರಿಲ್ಲ. ಬಾಯ್ ಮುಚ್ಕೊಂಡು ಉಣ್ಣು" ಎಂದೆ.

ಹೆರಿಗೆಗೆ ಬರಲಿಲ್ಲವೆಂಬ ಮಾತನ್ನು ಇನ್ನು ಈ ಮನೆಯಲ್ಲಿ ಯಾರೂ ಆಡುವುದಿಲ್ಲ.

ಈಗ ಕೇಳಿ. ದೋಣಿಯಲ್ಲಿ ಬರುವವರು ಬೆಳಗಿನ ದೋಣಿಗೇ ಬರುವುದು ಒಳ್ಳೆಯದು, ಗಾಳಿ ಆಗಿನ್ನೂ ಎದ್ದಿರುವುದಿಲ್ಲ. ನಡುವಿನ ಬೆಂಚು ಹಿಡಿಯಬೇಕು, ಕಂಬದ ಪಕ್ಕ. ಅಂಚಿನಲ್ಲಿ ಕೂರಬಾರದು. ನೀರನ್ನು ನೋಡಬಾರದು, ಮುಂದೆ ಕೂತವನ ಬೆನ್ನು ನೋಡಬೇಕು. ನಿಂಬೆಹಣ್ಣು ಮೂಸುತ್ತಿರಬೇಕು. ಹೊಟ್ಟೆ ತೊಳಸಿದರೆ ನಾಚಿಕೆ ಬೇಡ, ನನ್ನ ಗಂಡ ಸಾಯುವವರೆಗೂ ಸಮುದ್ರದಲ್ಲಿ ದುಡಿದವರು, ಅವರಿಗೂ ತೊಳಸುತ್ತಿತ್ತು. ಇದನ್ನು ನಾನು ನಿಮಗೆಂದು ಬರೆಯುತ್ತಿಲ್ಲ. ಯಾರಿಗಾದರೂ ಬೇಕಾಗಬಹುದು.

ಅಳು ನಿಂತಿದೆ ಎಂದು ಬರೆದಿದ್ದೆ, ನಿಜ. ನೆಮ್ಮದಿ ಬಂದಿಲ್ಲ. ತೋಳಲ್ಲಿ ಮಲಗಿಸಿದರೆ ಬಿಲ್ಲಿನಂತೆ ಬೆನ್ನು ಬಗ್ಗಿಸುತ್ತಾಳೆ. ಜೋಲಿಯಲ್ಲಿ ಹಾಕಿದರೆ ಕತ್ತೆತ್ತಿ ಅಂಚಿನಾಚೆ ನೋಡುತ್ತಾಳೆ. ದಾರಿ ನೋಡಿದ ಕೂಸು, ಇನ್ನು ಆಕಾಶ ನೋಡಿಕೊಂಡು ಮಲಗುವುದಿಲ್ಲ. ದಿನವಿಡೀ ನನ್ನ ಸೊಂಟದ ಮೇಲೆಯೇ ಇದ್ದಾಳೆ. ಅತ್ತ ಹೋಗು, ಇತ್ತ ಹೋಗು ಎಂದು ಎಳೆಯುತ್ತಾಳೆ. ನಾನೂ ಒಂದು ಕಡೆ ಕೂತು ಎಷ್ಟು ದಿನವಾಯಿತೋ. ಸುತ್ತು ಹಾಕಿದವಳು ನಾನೇ ಅದನ್ನು ಬಿಡಿಸುವ ಹಾಗಿಲ್ಲ. ಟೀಚರ್ ಗಂಡ ಬರುತ್ತೇನೆಂದರು. ಬೇಡವೆಂದೆ.

ನಾಲ್ಕು ತುಂಬುವುದರೊಳಗೆ ಆಗಬೇಕು. ಟಿಕೆಟ್ ಇಲ್ಲದೆ ಹೋಗೋಣ, ದೋನ್ ಇಸೌರೊನಿಗೆ ಹೇಳಿದ್ದೇನೆ. ಆ ಕೆಂಪು ಕೈಗಳ ಮನೆಯನ್ನು ಎಡಗಡೆಯಿಂದ ಸುತ್ತಲು ಒಬ್ಬರು ಬೇಕು.

ಮೂಗು ನಿಮ್ಮದೇ. ಒಪ್ಪಿದ್ದೇನೆ.

ಫಿದೇಲಿಯಾ


ಪ್ಲಾಯಾ ದಕ್ಕೆ
ಶನಿವಾರ, ೨೬ ಜುಲೈ ೧೯೮೬

ಫಿದೇಲಿಯಾ,

ಈ ಚೀಟಿ ಟರ್ಕಿ ಕೋಳಿಯ ಕಾಲಿಗೆ ಕಟ್ಟಿ ಕಳಿಸುತ್ತಿದ್ದೇನೆ. ಮೊದಲ ದೋಣಿ ಬಂತು. ಎದ್ದು ನಿಂತೆ, ಮತ್ತೆ ಕೂತೆ. ತೆಯೋಫಿಲೊ ನನ್ನನ್ನು ನೋಡಿ ಈ ಸಲ ನಗಲಿಲ್ಲ, ನೀವೇನೋ ಅಂದಿರಬೇಕು. ಆಗ ಒಂದು ಉಪಾಯ ಹೊಳೆಯಿತು. ಕೋಳಿಯನ್ನು ಅವನ ಕೈಗೆ ಕೊಟ್ಟು ಈ ದೋಣಿಗೇ ಹತ್ತಿಸಿಬಿಡುತ್ತೇನೆ. ಮರಿಯಿದ್ದಾಗಿನಿಂದ ಕೈತುತ್ತು ಹಾಕಿ ಬೆಳೆಸಿದ್ದು. ಒಡತಿಯಿಲ್ಲದೆ ನಿಮ್ಮ ಊರು ಸೇರಿದರೆ ಸಂಜೆಯೊಳಗೆ ಯಾರದೋ ಪಾತ್ರೆಯಲ್ಲಿರುತ್ತದೆ. ಇನ್ನು ನಾನು ಹಿಂದೆಯೇ ಬರಲೇಬೇಕು.

ಎರಡನೇ ದೋಣಿ ಅಗೋ ಬಿಳಿ ಚುಕ್ಕೆಯಾಗಿ ಕಾಣುತ್ತಿದೆ. ನೀರು ಇನ್ನೂ ಅಲ್ಲಾಡುತ್ತಲೇ ಇದೆ. ನಿಂಬೆಹಣ್ಣು ಕೈಯಲ್ಲಿದೆ.

ಕೂಸನ್ನು ದಕ್ಕೆಗೆ ಕರೆತನ್ನಿ, ಸೊಂಟದ ಮೇಲೆಯೇ ಇರಲಿ. ದೋಣಿ ಹತ್ತಿರ ಬಂದಾಗ ನಡುವಿನ ಬೆಂಚಿನಲ್ಲಿ ಮುಂದಿನವನ ಬೆನ್ನು ಬಿಟ್ಟು ಬೇರೇನನ್ನೂ ನೋಡದೆ ಒಬ್ಬಳು ಕೂತಿರುತ್ತಾಳೆ. ಅವಳಿಗೆ ನೀವು ಕಾಣುವುದಿಲ್ಲ. ಕೂಸಿಗೆ ತೋರಿಸಿ.

ಕ್ರಿಸಾಂತಾ